ಪೀಪಾಯಿಗಳ ಪಂಥ, ತೀರ್ಪುಗಾರರ ಕಿವಿ

ಟ್ರಿನಿಡಾಡಿನ ಸ್ಟೀಲ್‌ಬ್ಯಾಂಡನ್ನು ಕಡಲತೀರದ ಮೋಜಿನ ಸಂಗೀತ ಅಂತ ತಲೆದೂಗುವವರೊಂದಿಗೆ ನಮಗೆ ತಕರಾರಿದೆ. 1880ರ ದಶಕದಲ್ಲಿ ಬ್ರಿಟಿಷ್ ಆಳ್ವಿಕೆ ಅಲ್ಲಿನ ಕಪ್ಪು ಜನರ ಡೋಲಿಗೆ ಕಾನೂನಿನ ಹಗ್ಗ ಬಿಗಿಯಿತು. ಡೋಲು ಹೋದರೆ ಬಿದಿರು ಕುಟ್ಟಿದರು. ಬಿದಿರಾದ ಮೇಲೆ ಬಿಸ್ಕತ್ ಡಬ್ಬ. 1940ರ ದಶಕದಲ್ಲಿ 55 ಗ್ಯಾಲನ್ನಿನ ಎಣ್ಣೆ ಪೀಪಾಯಿ. ಅದರ ತಳವನ್ನು ಸುತ್ತಿಗೆಯಿಂದ ತಗ್ಗಿಸಿ, ಬೆಂಕಿಗೆ ಕಾಯಿಸಿ, ಉಬ್ಬು ಉಬ್ಬಿಗೂ ಒಂದು ಸ್ವರ ಕೂರಿಸಿದವರು ಯಾವ ಸಂಗೀತಶಾಲೆಯ ಹೊಸಿಲೂ ತುಳಿದವರಲ್ಲ.

ಕೇರಿಗೊಂದು ಬ್ಯಾಂಡು, ಕೇರಿ ಕೇರಿಗೂ ಜಗಳ. 1950ರ ಕಾರ್ನಿವಲ್ಲಿನಲ್ಲಿ ಟೋಕಿಯೋ ಮತ್ತು ಇನ್ವೇಡರ್ಸ್ ಬ್ಯಾಂಡಿನವರು ಪೋರ್ಟ್ ಆಫ್ ಸ್ಪೇನಿನ ಬೀದಿಯಲ್ಲೇ ಹೊಡೆದಾಡಿಕೊಂಡರು. ಇದನ್ನು ನಾವು ಹಾಡಿ ಹೊಗಳುವುದಿಲ್ಲ. ಬಡವ ಬಡವನ ತಲೆ ಒಡೆದರೆ ನಗುವವರು ಬೇರೆ. ಆದರೆ ಪೈಪೋಟಿ ಬರೀ ದೊಣ್ಣೆಯದಾಗಿರಲಿಲ್ಲ. ಪಕ್ಕದ ಕೇರಿಯ ಪೀಪಾಯಿಯಲ್ಲಿ ಒಂದು ಸ್ವರ ಹೆಚ್ಚಿಗೆ ಬಂತು ಅಂದರೆ ಇವರಿಗೆ ನಿದ್ದೆ ಇರುತ್ತಿರಲಿಲ್ಲ.

1963ರಲ್ಲಿ ಪ್ಯಾನೊರಮಾ ಸ್ಪರ್ಧೆ ಬಂತು. ಬೀದಿಯ ಹಗೆ ವೇದಿಕೆ ಹತ್ತಿತು. ಒಂದು ಕಾಲಕ್ಕೆ ಹೊಡೆದಾಟಕ್ಕೆ ಹೆಸರಾಗಿದ್ದ ರೆನೆಗೇಡ್ಸ್, ಜಿತ್ ಸಮರೂ ಅವರ ಸಂಯೋಜನೆಯಲ್ಲಿ 9 ಸಲ ಗೆದ್ದಿತು. 1995, 1996, 1997 ಸಾಲಾಗಿ ಮೂರು ವರ್ಷ. ಸಮರೂ ಭಾರತೀಯ ಮೂಲದವರು. 1845ರಿಂದ 1917ರವರೆಗೆ ಹಡಗು ಹತ್ತಿಸಿ ಕಬ್ಬಿನ ಗದ್ದೆಗೆ ಸಾಗಿಸಿದ ಕೂಲಿಗಳ ಸಮುದಾಯದವರು. ಸುಮಾರು ನೂರು ಜನ, ಅನೇಕರು ಸ್ವರಲಿಪಿ ಓದಲಾರದವರು, ರಾತ್ರಿಗಟ್ಟಲೆ ಕಿವಿಯಲ್ಲೇ ಕಲಿತು ಎಂಟು ಹತ್ತು ನಿಮಿಷ ಮಿಂಚಿನ ವೇಗದಲ್ಲಿ ಒಂದೇ ಕೈಯಾಗಿ ನುಡಿಸುತ್ತಾರಲ್ಲ, ಅದು ಪಾಂಡಿತ್ಯ ಅಲ್ಲದಿದ್ದರೆ ಇನ್ಯಾವುದು?

ಆದರೂ ನಮ್ಮ ಆಕ್ಷೇಪ ಇದೆ. ಅಬ್ಬರದ ಆರಂಭ, ಸ್ವರಗಳ ಓಟ, ನಡುವೆ ಶ್ರುತಿ ಬದಲಾವಣೆ, ಕೊನೆಗೆ ಸ್ಫೋಟ: ಇದು ಅಚ್ಚಿನಂತೆ ಗಟ್ಟಿಯಾಯಿತು. ನಿಧಾನವಾಗಿ ನುಡಿಸಿದವನಿಗೆ ಅಂಕ ಎಲ್ಲಿಂದ ಬರಬೇಕು! ಇನ್ನೊಂದು ವ್ಯಂಗ್ಯ ನೋಡಿ. ಎಣ್ಣೆ ಕಂಪನಿಗಳ ಪೀಪಾಯಿಯಿಂದ ಹುಟ್ಟಿದ ವಾದ್ಯ. ಮುಂದೆ ಪ್ರಾಯೋಜಕರಾಗಿ ಬಂದ ಕಂಪನಿಗಳು ಬ್ಯಾಂಡಿನ ಹೆಸರಿಗೇ ತಮ್ಮ ಮುದ್ರೆ ಒತ್ತಿದವು: ಶೆಲ್ ಇನ್ವೇಡರ್ಸ್, ಎಸ್ಸೊ ಟ್ರಿಪೋಲಿ, ಅಮೋಕೋ ರೆನೆಗೇಡ್ಸ್.

ಹಾಗಂತ ಪಂಥವೇ ಬೇಡ ಅನ್ನುವ ಸಾಧುಗಳ ಮಾತೂ ನಮಗೆ ಒಪ್ಪಿಗೆಯಿಲ್ಲ. ಪಂಥವಿಲ್ಲದೆ ಆ ತಗಡು ಇಷ್ಟು ಮಾತಾಡುತ್ತಿರಲಿಲ್ಲ. ಬೆಲೆ ಕಟ್ಟುವ ಕಿವಿ ಯಾರದು ಅನ್ನುವುದಷ್ಟೇ ಜಗಳ. 1979ರಲ್ಲಿ ಬ್ಯಾಂಡುಗಳೇ ಬಹಿಷ್ಕಾರ ಹಾಕಿ, ಆ ವರ್ಷ ಪ್ಯಾನೊರಮಾ ನಡೆಯಲೇ ಇಲ್ಲ.

ರೆನೆಗೇಡ್ಸ್ ನುಡಿಸಿದ್ದು ಕೇಳಸಿಕ್ಕರೆ ಮೇಲಿನ ಸ್ವರಗಳ ಮಿಂಚು ಬಿಟ್ಟು ಬಾಸ್ ಕಡೆ ಕಿವಿ ಕೊಡಿ. ಅಲ್ಲಿ ಒಬ್ಬನೇ ಆಳು ಆರು ಪೀಪಾಯಿಗಳ ನಡುವೆ ನಿಂತು, ಸುತ್ತ ತಿರುಗುತ್ತಾ, ಇಡೀ ಕೇರಿಯನ್ನು ಹೊತ್ತುಕೊಂಡಿರುತ್ತಾನೆ.