ಪಟ್ಟಿಯಲ್ಲಿಲ್ಲದ ಜೀತದಾಳು

‘ಈಗೆಲ್ಲಿದೆ ಸ್ವಾಮಿ ಜೀತ? ಅದೆಲ್ಲ ಇಂದಿರಾ ಗಾಂಧಿ ಕಾಲಕ್ಕೇ ಮುಗೀತು. ಇದ್ದಿದ್ರೆ ಸರ್ಕಾರದ ಪಟ್ಟೀಲಿ ಇರ್ತಿರಲಿಲ್ವಾ?’ ತುಮಕೂರಿನ ಮರಳೂರಿನ ಟೀ ಅಂಗಡಿಯಲ್ಲಿ ಕೇಳಿದರೂ ಇದೇ ಮಾತು, ಗುಬ್ಬಿ–ಕುಣಿಗಲ್ ಕಡೆಯ ತೋಟದ ಯಜಮಾನರನ್ನು ಕೇಳಿದರೂ ಇದೇ. ಓದಿಕೊಂಡವರು ಅದನ್ನೇ ಅಂಕಿಅಂಶ ಸೇರಿಸಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಪಟ್ಟಿಯ ಮೇಲೆ ನಮಗಿರುವ ಈ ಭಕ್ತಿಯ ಬಗ್ಗೆಯೇ ನನ್ನ ತಕರಾರು.

ಪಟ್ಟಿ ಬರೆಸಿದವರು ಯಾರು, ಬರೆಸಿದ್ದರಿಂದ ಲಾಭ ಯಾರಿಗೆ ಎಂದು ಮೊದಲು ಕೇಳಬೇಕು. ದೂರದ ಒಂದು ಉದಾಹರಣೆ ನೋಡಿ: ಸ್ಪೇನಿನ ವಸಾಹತಾಗಿದ್ದ ಪೋರ್ಟೊ ರಿಕೊದಲ್ಲಿ 1872ರಲ್ಲಿ ಬರೆದ ಗುಲಾಮರ ನೋಂದಣಿ ಪುಸ್ತಕಗಳು ಇಂದಿಗೂ ಇವೆ. ಹೆಸರು, ಹುಟ್ಟಿದ ನಾಡು, ತಂದೆ ತಾಯಿ, ವಯಸ್ಸು, ಮದುವೆ, ಕಸುಬು, ಮೈಬಣ್ಣ, ಕೂದಲು, ಕಡೆಗೆ ಮೂಗು ಹೇಗಿದೆ ಎಂಬುದೂ ಅಲ್ಲಿದೆ. ಜೊತೆಗೆ ಒಡೆಯನ ಹೆಸರು. ಆ ಮನುಷ್ಯ ಏನು ಉಂಡ, ಎಷ್ಟು ಏಟು ತಿಂದ ಎಂಬುದಕ್ಕೆ ಮಾತ್ರ ಕಾಲಂ ಇಲ್ಲ.

ಅಷ್ಟು ಅಚ್ಚುಕಟ್ಟಾಗಿ ಬರೆಸಲು ಕಾರಣವಿತ್ತು. ಗಣತಿಯಲ್ಲಿ ಸೇರದವರನ್ನು ಗುಲಾಮರೆಂದು ಪರಿಗಣಿಸುವಂತಿಲ್ಲ ಎಂದು ಸ್ಪೇನಿನ 1870ರ ಮೊರೆಟ್ ಕಾಯ್ದೆ ಹೇಳಿತ್ತು. ಹೆಸರು ಬಿಟ್ಟುಹೋದರೆ ಆಸ್ತಿಯೇ ಕೈಬಿಟ್ಟಂತೆ. 1873ರ ಮಾರ್ಚ್ 22ರಂದು ಅಲ್ಲಿ ಗುಲಾಮಗಿರಿ ರದ್ದಾದಾಗ ಸುಮಾರು 29 ಸಾವಿರ ಜನ ಬಿಡುಗಡೆಯಾದರು. ಪರಿಹಾರದ ಹಣ ನಿಗದಿಯಾದದ್ದು ಒಡೆಯರಿಗೆ. ಬಿಡುಗಡೆಯಾದವರು ಇನ್ನೂ 3 ವರ್ಷ ಕರಾರಿನ ಮೇಲೆ ದುಡಿಯಬೇಕಾಯಿತು.

ನಮ್ಮಲ್ಲಿ ಇದು ತಿರುಗುಮುರುಗು. 1975ರ ಅಕ್ಟೋಬರ್ 25ರಿಂದ ಜಾರಿಗೆ ಬಂದ ಸುಗ್ರೀವಾಜ್ಞೆ, ಅದರ ಬೆನ್ನಿಗೆ ಬಂದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಎಲ್ಲ ಜೀತದಾಳುಗಳನ್ನೂ ಒಂದೇ ಏಟಿಗೆ ಬಿಡುಗಡೆ ಮಾಡಿದವು. ಪಟ್ಟಿಯಲ್ಲಿರುವವರನ್ನು ಮಾತ್ರ ಎಂದು ಎಲ್ಲೂ ಹೇಳಲಿಲ್ಲ. ಕೊಟ್ಟದ್ದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆಯನ್ನೂ ಕಾಯ್ದೆಯ 15ನೇ ಕಲಂ ಸಾಲ ಕೊಟ್ಟವನ ಮೇಲೇ ಹೊರಿಸಿದೆ. ಆದರೆ ಕಚೇರಿಯಲ್ಲಿ ಕೇಳುವುದು ಬಿಡುಗಡೆ ಪತ್ರ. ಅದು ಇಲ್ಲದವನು ಜೀತದಾಳೇ ಅಲ್ಲ!

ಇಲ್ಲಿನ ಒಡೆಯ ಏನನ್ನೂ ಬರೆಸುವುದಿಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಮುಂಗಡ ಕೊಡುತ್ತಾನೆ. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಕಾಯಿಲೆ ಬಿದ್ದ ದಿನಗಳೂ ಸಾಲಕ್ಕೆ ಸೇರುತ್ತವೆ, ಲೆಕ್ಕದ ಚೀಟಿ ಯಜಮಾನನ ಜೇಬಿನಲ್ಲಿರುತ್ತದೆ. ಯಾರೋ ದೂರು ಕೊಟ್ಟರೆ ಅಧಿಕಾರಿ ಬಂದು ಯಜಮಾನನ ಎದುರಿಗೇ ಕೇಳುತ್ತಾರೆ: ‘ನಿನ್ನಿಷ್ಟದಿಂದಲೇ ಇದೀಯೇನಪ್ಪ?’ ‘ಹೌದು ಸ್ವಾಮಿ’ ಎನ್ನದೆ ಅವನಿನ್ನೇನು ಹೇಳಿಯಾನು? ಜೀತ ಕಂಡುಬಂದಿಲ್ಲ ಎಂದು ಮಹಜರು ಮುಗಿಯುತ್ತದೆ.

1978ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ನಡೆಸಿದ ಸಮೀಕ್ಷೆ 10 ರಾಜ್ಯಗಳಲ್ಲೇ ಸುಮಾರು 26 ಲಕ್ಷ ಜೀತದಾಳುಗಳಿದ್ದಾರೆಂದು ಅಂದಾಜು ಮಾಡಿತ್ತು. ಕಾಯ್ದೆ ಬಂದು 40 ವರ್ಷ ಕಳೆದ ಮೇಲೂ ಇಡೀ ದೇಶದ ಸರ್ಕಾರಿ ಲೆಕ್ಕ 3 ಲಕ್ಷದ ಆಸುಪಾಸಿನಲ್ಲೇ ಇತ್ತು. ಸಮೀಕ್ಷೆ ಹೇಳಿದ್ದೇ ವೇದವಾಕ್ಯ ಎನ್ನುತ್ತಿಲ್ಲ. ಅದರಲ್ಲಿ ಅರ್ಧ ಸುಳ್ಳೆಂದು ತಳ್ಳಿಹಾಕಿ, ಸರ್ಕಾರಿ ಲೆಕ್ಕದ 3 ಲಕ್ಷವನ್ನೂ ಕಳೆದರೂ ಉಳಿದ 10 ಲಕ್ಷ ಜನ ಎಲ್ಲಿ ಹೋದರು?

ಪಟ್ಟಿ ಬಿಗಿಯಾಗಿಲ್ಲದಿದ್ದರೆ ಪರಿಹಾರದ ಆಸೆಗೆ ಸುಳ್ಳು ಹೆಸರುಗಳು ನುಗ್ಗುತ್ತವೆ ಎನ್ನುವವರಿದ್ದಾರೆ. ನುಗ್ಗಬಹುದು. ಆದರೆ 2016ರ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ ಇಟ್ಟ 1 ಲಕ್ಷ ರೂಪಾಯಿಯ ಬಹುಪಾಲು ಸಿಗುತ್ತಿದ್ದುದೇ ಮಾಲೀಕನಿಗೆ ಶಿಕ್ಷೆಯಾದ ಮೇಲೆ. ಅಷ್ಟು ದೂರದ ದುಡ್ಡಿಗಾಗಿ ಊರಿನ ಯಜಮಾನನನ್ನು ಎದುರುಹಾಕಿಕೊಳ್ಳುವವರು ಎಷ್ಟು ಜನ? ಒಂದು ಹೆಸರು ಬರೆದರೆ ಕಚೇರಿಗೆ ಒಂದು ಕೇಸು, ಒಂದಿಷ್ಟು ಖರ್ಚು. ಪುಟ ಖಾಲಿ ಬಿಟ್ಟರೆ ಎರಡೂ ಇಲ್ಲ. ಅಂಥ ಖಾಲಿ ಪುಟವನ್ನು ಸಾಕ್ಷಿಯೆಂದು ಒಪ್ಪಲು ನಾನು ತಯಾರಿಲ್ಲ.

ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು, ಬಿಡುಗಡೆಯಾದವರ ರಿಜಿಸ್ಟರನ್ನು ಅದು ಇಡಬೇಕು ಎಂಬುದು ಕಾನೂನು. ಗುಬ್ಬಿ, ಕುಣಿಗಲ್ ಎರಡೂ ತುಮಕೂರು ಉಪವಿಭಾಗಕ್ಕೇ ಸೇರುತ್ತವೆ. ಜೀತವಿಲ್ಲ ಎಂದು ಅಷ್ಟು ಖಚಿತವಾಗಿ ಹೇಳುವವರು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಲಿ. ಸಮಿತಿ ಕಡೆಯ ಸಲ ಸೇರಿದ್ದು ಯಾವತ್ತು, ಯಾವ ತೋಟ, ಯಾವ ಇಟ್ಟಿಗೆ ಗೂಡಿಗೆ ಹೋಗಿ ಯಜಮಾನನಿಲ್ಲದೆ ಆಳನ್ನು ಮಾತಾಡಿಸಿತು ಎಂದು ಕೇಳಲಿ.