ಫೀಡೋ: ಕಳಂಕವೂ ಕೃತಿಯೂ

ಸಾಕ್ರೆಟೀಸನ ಅಂತ್ಯಕಾಲವನ್ನು ವರ್ಣಿಸುವ ಪ್ಲೇಟೋವಿನ 'ಫೀಡೋ' ಸಂವಾದವನ್ನು ಆತ್ಮದ ಅಮರತ್ವವಿಚಾರಕ್ಕಾಗಿ ಓದುವುದು ವಾಡಿಕೆ. ಆ ಕಥೆಯನ್ನು ಹೇಳುವವನು ಯಾರೆಂದು ವಿಚಾರಿಸುವವರು ವಿರಳ. ಎಲಿಸ್ ನಗರದ ಕುಲೀನನಾದ ಫೀಡೋ, ತನ್ನ ನಗರವು ಶತ್ರುವಶವಾದಾಗ ಸೆರೆಸಿಕ್ಕು ದಾಸನಾಗಿ, ಅಥೆನ್ಸಿನ ವೇಶ್ಯಾಗೃಹವೊಂದರಲ್ಲಿ ಕುಳಿತಿರಬೇಕಾಯಿತೆಂದೂ, ಅದರ ಬಾಗಿಲನ್ನು ಮುಚ್ಚಿ ಸಾಕ್ರೆಟೀಸನ ಗೋಷ್ಠಿಗೆ ಬರುತ್ತಿದ್ದನೆಂದೂ, ಕಡೆಗೆ ಆ ಗುರುವಿನ ಪ್ರೇರಣೆಯಿಂದ ಮಿತ್ರರು ಹಣ ತೆತ್ತು ಬಿಡಿಸಿದರೆಂದೂ ಡಯೋಜಿನೀಸ್ ಲೇರ್ಟಿಯಸನು ಬರೆದಿರುವನು.

ದಾಸನಿಗೆ ಕಳೆದುಕೊಳ್ಳಲು ಹಕ್ಕುಗಳೇ ಇರಲಿಲ್ಲ. ಪೌರನಾಗಿ ಹುಟ್ಟಿದವನಿಗೆ ಈ ವೃತ್ತಿಯ ಕಳಂಕವು ಏನು ಮಾಡುತ್ತಿತ್ತೆಂಬುದು ಕ್ರಿ. ಪೂ. 346-45ರಲ್ಲಿ ಈಸ್ಕಿನೀಸನು ತಿಮಾರ್ಕಸನ ವಿರುದ್ಧ ಮಾಡಿದ ಭಾಷಣದಿಂದ ತಿಳಿಯುವುದು. ದೇಹವಿಕ್ರಯ ಮಾಡಿದ ಪೌರನು ಸಭೆಯಲ್ಲಿ ಮಾತನಾಡಕೂಡದೆಂಬುದು ಅಲ್ಲಿಯ ಶಾಸನ. ಸಾಕ್ಷಿಗಳ ಕೊರತೆಯನ್ನು ವಾಗ್ಮಿಯು ಜನವಾರ್ತೆಯಿಂದ ತುಂಬುತ್ತಾನೆ. ವಾರ್ತೆಯು ದೇವತೆಯೆಂದೇ ಹೇಳುತ್ತಾನೆ. ತಿಮಾರ್ಕಸನು ತನ್ನ ಹಕ್ಕುಗಳನ್ನು ಕಳೆದುಕೊಂಡನು. ಆದರೆ ಈ ವೃತ್ತಿಯವರಿಂದ ಬರುವ ತೆರಿಗೆಯನ್ನು ನಗರವು ಪ್ರತಿವರ್ಷವೂ ಗುತ್ತಿಗೆಗೆ ಕೊಡುತ್ತಿದ್ದ ಸಂಗತಿಯೂ ಅದೇ ಭಾಷಣದಲ್ಲಿದೆ. ಹಣವು ಬೊಕ್ಕಸಕ್ಕೆ, ಅಪವಾದವು ಮಾರಿದವನ ತಲೆಗೆ. ಕೊಂಡವನ ನಾಲಗೆಗೆ ಈ ಕಟ್ಟು ಇರಲಿಲ್ಲ. ಉತ್ತರರಾಮಚರಿತವನ್ನು ಓದಿದವರಿಗೆ ಲೋಕಾಪವಾದದ ಬಲವು ಅಪರಿಚಿತವಲ್ಲವಷ್ಟೆ.

ಇಂತಿರಲು, ಪ್ಲೇಟೋ ತನ್ನ ಸಂವಾದದಲ್ಲಿ ಫೀಡೋವಿನ ಪೂರ್ವವೃತ್ತಾಂತವನ್ನು ಎತ್ತುವುದೇ ಇಲ್ಲ. ಸಾಯಲಿರುವ ಗುರುವು ಶಿಷ್ಯನ ಕೂದಲನ್ನು ನೇವರಿಸುವ ಚಿತ್ರ ಮಾತ್ರ ಅಲ್ಲಿದೆ. ಬೆಲೆಗೆ ಒಡ್ಡಲ್ಪಟ್ಟಿದ್ದ ದೇಹಕ್ಕೆ ಬೆಲೆಯಿಲ್ಲದ ವಾತ್ಸಲ್ಯವು ದೊರೆತ ಗಳಿಗೆಯದು. ಪ್ಲೇಟೋವಿನ ಮೌನವು ದಾಕ್ಷಿಣ್ಯವೇ ಸರಿ. ಆದರೂ ಆ ಮೌನದಲ್ಲಿ ನೊಂದವನ ಅನುಭವವೂ ಮರೆಯಾಯಿತು.

ಅದರ ಸುಳಿವನ್ನು ಫೀಡೋವಿನ ಸ್ವಂತ ಕೃತಿಯಲ್ಲಿ ಅರಸಬೇಕು. ಅವನ 'ಜೋಪಿರಸ್' ಸಂವಾದವು ನಷ್ಟವಾಗಿದೆ. ಸಿಸೆರೋ ಹೇಳುವ ಕಥೆಯೊಂದು ಅದರಿಂದ ಬಂದುದೆಂದು ವಿದ್ವಾಂಸರ ಊಹೆ. ಜೋಪಿರಸನೆಂಬ ಸಾಮುದ್ರಿಕನು ಸಾಕ್ರೆಟೀಸನ ಅಂಗಲಕ್ಷಣವನ್ನು ನೋಡಿ ಹಲವು ದುರ್ಗುಣಗಳನ್ನು ಹೇಳಿದನು. ನೆರೆದವರು ನಕ್ಕರು. ಸಾಕ್ರೆಟೀಸನಾದರೋ, ಅವು ತನ್ನಲ್ಲಿ ಹುಟ್ಟಿನಿಂದ ಇದ್ದುವೆಂದೂ ವಿವೇಕದಿಂದ ಅವನ್ನು ಹೊರದೂಡಿದೆನೆಂದೂ ನುಡಿದನು. ಹೊರಗುರುತಿನಿಂದ ಮನುಷ್ಯನನ್ನು ಅಳೆಯುವವರಿಗೆ ಇದಕ್ಕಿಂತ ಶಾಂತವಾದ ಉತ್ತರವುಂಟೆ? ಊಹೆಯು ನಿಜವಾದರೆ, ಫೀಡೋ ತನ್ನ ನೋವನ್ನು ಗುರುವಿನ ಬಾಯಿಂದ ನುಡಿಸಿದನೆನ್ನಬಹುದು.

ಫೀಡೋ ಎಲಿಸಿನಲ್ಲಿ ತತ್ತ್ವಪಾಠಶಾಲೆಯನ್ನು ಸ್ಥಾಪಿಸಿದನು. ಆದರೂ ಮುಂದಿನ ಕಾಲದ ಹೈರಾನಿಮಸನು ಅವನನ್ನು ಖಂಡಿಸುವಾಗ ದಾಸನೆಂದೇ ಕರೆದನು. ಮಿತ್ರರು ತೆತ್ತ ಹಣದಿಂದ ದೇಹಕ್ಕೆ ಬಿಡುಗಡೆಯಾಯಿತು. ಹೆಸರಿನ ಬಿಡುಗಡೆಯು ಓದುವವರ ಕೈಯಲ್ಲಿದೆ.