‘ಮಿಸೆಸ್ ಸೇನ್ಸ್’ ಕಥೆಯ ಗಂಡ

ಜುಂಪಾ ಲಾಹಿರಿಯವರ ‘ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್’ (1999) ಸಂಕಲನದ ಆರನೆಯ ಕಥೆ ‘ಮಿಸೆಸ್ ಸೇನ್ಸ್’. ಎಂ.ಟೆಕ್ ಓದುವಾಗ ಹಾಸ್ಟೆಲಿನಲ್ಲಿ ಮೊದಲ ಸಲ ಓದಿದ್ದೆ. ಪಾಪ, ಒಬ್ಬ ಒಂಟಿ ಹೆಣ್ಣುಮಗಳ ಕಥೆ ಅನಿಸಿತ್ತು. ಆಮೇಲೆ ನೌಕರಿ, ಮದುವೆ, ಹೆಂಡತಿಯೊಂದಿಗೆ ನ್ಯೂಜೆರ್ಸಿಯಲ್ಲಿ ಎರಡು ವರ್ಷ. ಈಗ ಪುಣೆಯಲ್ಲಿ ಕೂತು ಮತ್ತೆ ಓದಿದರೆ ಕಣ್ಣು ಹೋದದ್ದು ಮಿಸ್ಟರ್ ಸೇನ್ ಕಡೆಗೆ.

ಗಂಡ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಗಣಿತದ ಮೇಷ್ಟ್ರು. ಕಲ್ಕತ್ತೆಯಿಂದ ಬಂದ ಹೆಂಡತಿ ಶಾಲೆ ಬಿಟ್ಟ ಮೇಲೆ ಹನ್ನೊಂದು ವರ್ಷದ ಎಲಿಯಟ್‌ನನ್ನು ನೋಡಿಕೊಳ್ಳುತ್ತಾಳೆ. ಆಕೆಗೆ ಕಾರು ಓಡಿಸಲು ಬಾರದು, ತಾಜಾ ಮೀನು ಬೇಕು. ಕಥೆ ಇಷ್ಟೇ. ಎಲ್ಲವೂ ಆ ಹುಡುಗನಿಗೆ ಕಂಡಷ್ಟೇ ನಮಗೂ ಕಾಣುತ್ತದೆ, ಹಾಗಾಗಿ ಗೋಳಿಗೆ ಜಾಗವಿಲ್ಲ.

ಆಕೆ ತರಕಾರಿ ಹೆಚ್ಚುವುದು ನೆಲದ ಮೇಲೆ ಕೂತು, ಬಾಗಿದ ಅಲಗಿನ ಬೊಂಟಿಯಲ್ಲಿ. ನಮ್ಮ ಈಳಿಗೆಯೇ, ಇಲ್ಲಿ ಪುಣೆಯವರ ವಿಳಿ. ಊರಲ್ಲಿ ಮದುವೆಯೆಂದರೆ ಹೆಂಗಸರೆಲ್ಲ ತಂತಮ್ಮ ಈಳಿಗೆ ತಂದು, ಮಾಳಿಗೆಯ ಮೇಲೆ ಸುತ್ತ ಕೂತು, ಹರಟುತ್ತ ನಗುತ್ತ ರಾತ್ರಿಯಿಡೀ ಹೆಚ್ಚುತ್ತಿದ್ದರೆಂದು ಹುಡುಗನಿಗೆ ಹೇಳುತ್ತಾಳೆ. ಇಲ್ಲಿಯ ಮೌನದಲ್ಲಿ ಅವಳಿಗೆ ನಿದ್ದೆ ಹತ್ತುವುದಿಲ್ಲ. ತಾನು ಜೋರಾಗಿ ಕಿರುಚಿದರೆ ಯಾರಾದರೂ ಬರುತ್ತಾರೆಯೇ ಎಂದು ಕೇಳುತ್ತಾಳೆ. ಗಲಾಟೆಯಾಯಿತೆಂದು ದೂರು ಹೇಳಲು ಯಾರಾದರೂ ಫೋನ್ ಮಾಡಬಹುದು ಎಂಬುದು ಹುಡುಗನ ಅಂದಾಜು. ನೆರೆಹೊರೆ ಇಲ್ಲದಿರುವುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನಾನು ಓದಿಲ್ಲ.

ಶೀರ್ಷಿಕೆಯನ್ನೂ ನೋಡಿ. ‘ಮಿಸೆಸ್ ಸೇನ್ ಅವರ...’ ಅಂತ ಅರ್ಧಕ್ಕೇ ನಿಲ್ಲುತ್ತದೆ. ಅವರ ಏನು? ಮನೆ ವಿಶ್ವವಿದ್ಯಾಲಯದ್ದು, ಕಾರು ಗಂಡನದ್ದು. ಅಷ್ಟೇ ಏಕೆ, ಕಥೆಯುದ್ದಕ್ಕೂ ಆಕೆಗೆ ಸ್ವಂತ ಹೆಸರೇ ಇಲ್ಲ. ವೀಸಾದ ಭಾಷೆಯಲ್ಲಿ ‘ಡಿಪೆಂಡೆಂಟ್’. ಹೆಚ್-4 ವೀಸಾದ ಕೆಲವು ಸಂಗಾತಿಗಳಿಗಾದರೂ ಕೆಲಸ ಮಾಡಲು ಅನುಮತಿ ಸಿಕ್ಕಿದ್ದು 2015ರಲ್ಲಿ. ನಾವು ಅಷ್ಟರಲ್ಲಿ ವಾಪಸು ಬಂದಾಗಿತ್ತು.

ಮಿಸ್ಟರ್ ಸೇನ್ ಕೆಟ್ಟವನಲ್ಲ. ಬೈಯುವುದಿಲ್ಲ, ಎಷ್ಟೋ ಸಲ ಮೀನಿಗೆ ಕರೆದುಕೊಂಡೂ ಹೋಗುತ್ತಾನೆ. ಆದರೆ ಅವನ ಲೆಕ್ಕದಲ್ಲಿ ಹೆಂಡತಿಯ ಕಷ್ಟಕ್ಕೆಲ್ಲ ಪರಿಹಾರ ಡ್ರೈವಿಂಗ್ ಲೈಸೆನ್ಸ್. ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ನಾನೂ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ: ಬ್ಯಾಂಕ್ ಖಾತೆ, ಲೈಬ್ರರಿ ಕಾರ್ಡ್, ಲೈಸೆನ್ಸ್. ಮೂರು ತಿಂಗಳಲ್ಲಿ ಎಲ್ಲ ಸಾಲೂ ಹಸಿರು. ನನ್ನ ಮಟ್ಟಿಗೆ ‘ಸೆಟ್ಲ್’ ಆಗಿತ್ತು. ಬೆಳಗಾವಿಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ದಿನವಿಡೀ ಏನು ಮಾಡುತ್ತಾಳೆ ಅನ್ನುವುದಕ್ಕೆ ಶೀಟಿನಲ್ಲಿ ಕಾಲಂ ಇರಲಿಲ್ಲ.

ಇದೇ ಸಂಕಲನದ ಕೊನೆಯ ಕಥೆ ‘ದಿ ಥರ್ಡ್ ಅಂಡ್ ಫೈನಲ್ ಕಾಂಟಿನೆಂಟ್’ ಹೆಚ್ಚು ಜನಪ್ರಿಯ. ಅಲ್ಲಿ ಹೆಂಡತಿಗೆ ಮಾಲಾ ಎಂಬ ಹೆಸರುಂಟು. ಹೆಸರಿಲ್ಲದವನು ಕಥೆ ಹೇಳುವ ಗಂಡ. ನೂರು ದಾಟಿದ ಮನೆಯೊಡತಿ ಮಾಲಾಳನ್ನು ಮೆಚ್ಚಿದ ಗಳಿಗೆಯಿಂದ ಗಂಡಹೆಂಡಿರ ಸಂಕೋಚ ಕರಗತೊಡಗುತ್ತದೆ. ಸೊಗಸಾದ ದೃಶ್ಯ, ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಗಂಡ ಲೈಬ್ರರಿಯ ಕೆಲಸಕ್ಕೆ ಹೋದಾಗ ಹೊಸ ಊರಿನಲ್ಲಿ ಮಾಲಾ ಒಬ್ಬಳೇ ಕಳೆದ ಹಗಲುಗಳು ಎಲ್ಲಿ? ಸಂಜೆ ಬಂದರೆ ಅಡುಗೆ ಆಗಿರುತ್ತದೆ, ಅಷ್ಟೇ ಅವನಿಗೆ ಗೊತ್ತು. ಆ ಹಗಲುಗಳೇ ‘ಮಿಸೆಸ್ ಸೇನ್ಸ್’. ಗಂಡ ಹೇಳಿದರೆ ಸುಖಾಂತ, ಪರರ ಮಗು ನೋಡಿದರೆ ಹೀಗೆ. ಎರಡನ್ನೂ ಒಟ್ಟಿಗೆ ಓದಬೇಕು. ಆದರೂ ಹೆಂಡತಿಯೇ ಹೇಳುವ ಕಥೆ ಈ ಎರಡರಲ್ಲೂ ಇಲ್ಲ.

ಲೈಸೆನ್ಸ್ ಇಲ್ಲದೆಯೇ ಎಲಿಯಟ್‌ನನ್ನು ಕೂರಿಸಿಕೊಂಡು ಮೀನಿಗೆ ಹೊರಟ ಮಿಸೆಸ್ ಸೇನ್ ಕಾರನ್ನು ಕಂಬಕ್ಕೆ ಗುದ್ದುತ್ತಾಳೆ. ಸಣ್ಣ ಗಾಯ. ಆಕೆ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ, ಹುಡುಗನ ತಾಯಿಯ ಮುಂದೆ ಕ್ಷಮೆ ಕೇಳುವವನು ಗಂಡ. ಆ ತಿಂಗಳ ಹಣಕ್ಕೆ ಚೆಕ್ ಬರೆದು ಲೆಕ್ಕ ಚುಕ್ತಾ ಮಾಡುತ್ತಾನೆ.

ಕಥೆಯನ್ನು ಮನೆಯಾಕೆಗೆ ಓದಲು ಕೊಟ್ಟೆ. ಮುಗಿಸಿ, ಪುಸ್ತಕ ವಾಪಸು ಕೊಡುತ್ತ ಅಂದಳು: “ನಾ ಈಳಿಗಿ ಒಯ್ತೀನಿ ಅಂದಾಗ ಬ್ಯಾಗಿನ ತೂಕ ಹೆಚ್ಚಾಗ್ತದ, ಬ್ಯಾಡ ಅಂದಿದ್ರಿ. ನೆನಪದ ಏನು?”